ಕರೆ ಮಧ್ಯದಲ್ಲಿ ಕಡಿದಿರಲಿಲ್ಲ

ಕಳೆದ ತಿಂಗಳು ಶಿರಸಿಯಲ್ಲಿ ನಮ್ಮ ಆಫೀಸನ್ನು ಹಳೆಯ ಕಟ್ಟಡದಿಂದ ಹೊಸದಕ್ಕೆ ಸಾಗಿಸುವಾಗ ಒಂದು ರಟ್ಟಿನ ಪೆಟ್ಟಿಗೆಯ ತಳದಲ್ಲಿ ಕಡುನೀಲಿ ಬಟ್ಟೆಯೊಂದು ಸಿಕ್ಕಿತು. ಮೇಲಿನ ಎರಡು ಮೂಲೆಗೆ ಮೊಳೆಗೆ ಸಿಕ್ಕಿಸಲೆಂದು ನೂಲಿನ ಕುಣಿಕೆ ಹೊಲಿದಿತ್ತು. ಮಡಿಕೆ ಬಿಡಿಸಿದರೆ ನುಸಿಗುಳಿಗೆಯ ವಾಸನೆ ಮೂಗಿಗೆ ಅಡರಿತು. ಸಾಮಾನು ಎತ್ತಿಡುತ್ತಿದ್ದ ಹುಡುಗಿ ಬಂದು ಇದು ಕಿಟಕಿಯ ಪರದೆಯೇ, ಬಿಸಾಡುವುದೇ ಎಂದು ಕೇಳಿದಳು. ನಾನು ಬಟ್ಟೆಯನ್ನು ಮತ್ತೆ ಮಡಿಸಿ ನನ್ನ ಮೇಜಿನ ಮೇಲಿಟ್ಟುಕೊಂಡೆ. ಅವಳು ಬೇರೆ ಪೆಟ್ಟಿಗೆಯ ಕಡೆ ಹೋದಳು.

ಅದು ಅಕ್ಕೋರ ಬಟ್ಟೆ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರೆಲ್ಲರಿಗೂ ಅಕ್ಕೋರು ಎನ್ನುತ್ತೇವೆ. ನನಗೆ ಅವರು ಪಾಠ ಹೇಳಿದವರಲ್ಲ. ಶಿರಸಿಯಲ್ಲಿ ಕಿವಿ ಕೇಳದ ಮಕ್ಕಳಿಗೆ ಕಲಿಸುತ್ತಿದ್ದರು. ನಿವೃತ್ತರಾದ ಮೇಲೆ ಸಿದ್ದಾಪುರ ಪೇಟೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದಿದ್ದರು. ಮದುವೆಯಾಗಿರಲಿಲ್ಲ. ಹುಟ್ಟಿದ್ದು ಒಳ್ಳೆಯ ತೋಟದ ಮನೆತನದಲ್ಲಿ. ಆದರೆ ಅದರ ಸುದ್ದಿಯನ್ನು ಅವರು ಎಂದೂ ಎತ್ತಿದ್ದಿಲ್ಲ. ಅವರ ಅಮ್ಮನಿಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲವಂತೆ. ನಾಲ್ಕು ವರ್ಷದವರಿದ್ದಾಗಿನಿಂದ ಅಮ್ಮನ ಸೆರಗು ಹಿಡಿದುಕೊಂಡು ಕಿರಾಣಿ ಅಂಗಡಿ, ದವಾಖಾನೆ, ನೆಂಟರ ಮನೆ ಎಲ್ಲ ಕಡೆ ಹೋಗಿ, ಜನ ಆಡಿದ್ದನ್ನು ಅಮ್ಮನಿಗೆ ಕೈಯಲ್ಲಿ ತೋರಿಸಿ, ಅಮ್ಮ ಕೈಯಲ್ಲಿ ಹೇಳಿದ್ದನ್ನು ಜನರಿಗೆ ಬಾಯಿಬಿಟ್ಟು ಹೇಳಿ ಬೆಳೆದವರು. ಜನ ಅಮ್ಮನ ಬಗ್ಗೆ ಅಮ್ಮನ ಎದುರೇ ಆಡಿಕೊಂಡದ್ದನ್ನು ಹೇಳಬೇಕೋ ಬೇಡವೋ ಎಂದು ಆ ವಯಸ್ಸಿನಲ್ಲೇ ಯೋಚಿಸಬೇಕಾಗಿತ್ತು ಎಂದು ಒಮ್ಮೆ ಹೇಳಿದ್ದರು. ಹೇಳುತ್ತಿದ್ದಿರಾ ಎಂದು ಕೇಳಿದ್ದಕ್ಕೆ, ಎಲ್ಲವನ್ನೂ ಹೇಳುತ್ತಿದ್ದೆ, ಬಿಡುವುದಕ್ಕೆ ನಾನು ಯಾರು ಎಂದಿದ್ದರು.

ಆಗ ನನಗೆ ಸಿದ್ದಾಪುರ ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಅಂಗಡಿಯಿತ್ತು. ನಮ್ಮೂರು ಕೋಲಸಿರ್ಸಿಯಿಂದ ದಿನವೂ ಬೈಕಿನಲ್ಲಿ ಬಂದು ಬಾಗಿಲು ತೆಗೆಯುತ್ತಿದ್ದೆ. ಜೆರಾಕ್ಸು, ಪಹಣಿಯ ಪ್ರಿಂಟು, ಪರೀಕ್ಷೆ ಕಟ್ಟುವ ಮಕ್ಕಳ ಅರ್ಜಿ, ಇಂಥವೇ. ಶಿರಸಿಯಲ್ಲಿ ಬಿಸಿಎ ಮುಗಿಸಿದ್ದರಿಂದ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಪ್ರೋಗ್ರಾಮ್ ಬರೆಯುವ ಚಟವಿತ್ತು. ಅಕ್ಕೋರು ಅಂಗವಿಕಲರ ಗುರುತಿನ ಚೀಟಿಗೆ ಅರ್ಜಿ ಹಾಕಿಸಲು ತಮ್ಮ ಹಳೆಯ ವಿದ್ಯಾರ್ಥಿಗಳನ್ನು ಕರೆದುಕೊಂಡು ಬರುತ್ತಿದ್ದರು. ನಾನು ಬೆನ್ನು ತಿರುಗಿಸಿ ಕೂತಿದ್ದರೆ ಕರೆಯುತ್ತಿರಲಿಲ್ಲ. ಬಾಗಿಲ ಪಕ್ಕದ ಸ್ವಿಚ್ ಒತ್ತಿ ದೀಪ ಎರಡು ಸಲ ಆರಿಸಿ ಹೊತ್ತಿಸುತ್ತಿದ್ದರು. ಶಾಲೆಯಲ್ಲಿ ಮಕ್ಕಳ ಗಮನ ಸೆಳೆಯುವುದು ಹಾಗೆಯಂತೆ. ನನಗೆ ಕಿವಿ ಕೇಳುತ್ತದೆ ಅಕ್ಕೋರೆ ಎಂದು ನಾನು ನಗುತ್ತಿದ್ದೆ. ಅವರು ನಗುತ್ತಿರಲಿಲ್ಲ. ಸುಲಭಕ್ಕೆ ನಗುವವರೇ ಅಲ್ಲ.

ಅವರ ವಾರವೆಲ್ಲ ಬಸ್ಸಿನಲ್ಲೇ ಕಳೆಯುತ್ತಿತ್ತು. ಶಿರಸಿಯಲ್ಲಿ ಯಾರಿಗೋ ಬ್ಯಾಂಕಿನವರ ಹತ್ತಿರ ಮಾತಾಡುವುದಿದ್ದರೆ ಅಕ್ಕೋರು ಬೇಕು. ಯಲ್ಲಾಪುರದಲ್ಲಿ ಯಾರದೋ ಮಗುವಿಗೆ ಜ್ವರ ಬಂದು, ತಾಯಿಗೆ ಕಿವಿ ಕೇಳದಿದ್ದರೆ ಅಕ್ಕೋರು ಬೇಕು. ಮೂರು ತಾಲೂಕಿನಲ್ಲಿ ಸನ್ನೆ ಭಾಷೆಯನ್ನು ಸರಿಯಾಗಿ ಬಲ್ಲ, ಕರೆದಲ್ಲಿಗೆ ಬರುವ ಮನುಷ್ಯರೆಂದರೆ ಅವರೊಬ್ಬರೇ. ಒಂದು ದಿನ ಯಲ್ಲಾಪುರಕ್ಕೆ ಹೊರಟ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಅವರು ಮುಟ್ಟುವಷ್ಟರಲ್ಲಿ ಡಾಕ್ಟರು ಎದ್ದು ಹೋಗಿದ್ದರು. ಹೊಟ್ಟೆನೋವಿನ ಹೆಂಗಸೊಬ್ಬಳು ಬೆಳಗಿನಿಂದ ಬೆಂಚಿನ ಮೇಲೆ ಕೂತು, ಕಂಡವರಿಗೆಲ್ಲ ಹೊಟ್ಟೆ ತೋರಿಸಿ ತೋರಿಸಿ ಸಾಕಾಗಿ ಗೋಡೆಯ ಕಡೆ ಮುಖ ಮಾಡಿಕೊಂಡಿದ್ದಳಂತೆ. ಮಾರನೆಯ ದಿನ ಅಂಗಡಿಗೆ ಬಂದಾಗ ಅಕ್ಕೋರು ಇದನ್ನು ಹೇಳಿ, ನಾನು ಇನ್ನೆಷ್ಟು ವರ್ಷ ಹೀಗೆ ಓಡಾಡುತ್ತೇನೆ ಎಂದು ತಮಗೆ ತಾವೇ ಎಂಬಂತೆ ಕೇಳಿಕೊಂಡರು.

ನನ್ನ ತಲೆಯಲ್ಲಿ ಹುಳ ಹೊಕ್ಕಿದ್ದು ಆವಾಗ. ಬ್ರೌಸರಿನಲ್ಲೇ ನೇರವಾಗಿ ವಿಡಿಯೋ ಕರೆ ಮಾಡುವ ವಿದ್ಯೆಯನ್ನು ನಾನು ಆಗಷ್ಟೇ ಕಲಿಯುತ್ತಿದ್ದೆ. ಆ್ಯಪ್ ಇಳಿಸಿಕೊಳ್ಳುವುದು ಬೇಡ, ಹೆಸರು ಪಾಸ್‌ವರ್ಡ್ ಬೇಡ. ಮೆಸೇಜಿನಲ್ಲಿ ಬಂದ ಲಿಂಕ್ ಒತ್ತಿದರೆ ಎರಡು ಕಡೆಯ ಬ್ರೌಸರುಗಳು ತಾವೇ ದಾರಿ ಹುಡುಕಿಕೊಂಡು ಒಂದಕ್ಕೊಂದು ಜೋಡಿಸಿಕೊಳ್ಳುತ್ತವೆ. ಕಿವಿ ಕೇಳದವರ ಪಾಡಿಗೆ ಇದೇ ಮುಖ್ಯವಾಗಿತ್ತು. ಬ್ಯಾಂಕಿನ ಗುಮಾಸ್ತನೋ ನರ್ಸಮ್ಮನೋ ತಮ್ಮ ಫೋನಿಗೆ ಇವರಿಗಾಗಿ ಆ್ಯಪ್ ಹಾಕಿಕೊಳ್ಳಲಾರರು. ಲಿಂಕ್ ಒತ್ತು ಎಂದರೆ ಒತ್ತಿಯಾರು. ಅಕ್ಕೋರು ಸಿದ್ದಾಪುರದ ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಮೂರು ತಾಲೂಕಿನ ಯಾವ ಕಚೇರಿಯಲ್ಲಾದರೂ, ಯಾವ ದವಾಖಾನೆಯಲ್ಲಾದರೂ, ಅದೇ ಕ್ಷಣಕ್ಕೆ ಹಾಜರಾಗಬಹುದಿತ್ತು.

ಮೊದಲ ಪ್ರಯತ್ನಕ್ಕೆ ಶಿರಸಿಯಲ್ಲಿದ್ದ ಅವರ ಹಳೆಯ ವಿದ್ಯಾರ್ಥಿ, ಟೇಲರ್ ಒಬ್ಬನಿಗೆ ಲಿಂಕ್ ಕಳಿಸಿದೆವು. ಅವನ ಮುಖ ಪರದೆಯ ಮೇಲೆ ಮೂಡಿದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಅಕ್ಕೋರು ಐದು ನಿಮಿಷ ಅವನ ಜೊತೆ ಮಾತಾಡಿ ನನ್ನ ಕಡೆ ತಿರುಗಿ, ಇದು ಆಗುವುದಿಲ್ಲ ಎಂದರು. ನೆಟ್‌ವರ್ಕ್ ಸೊರಗಿದಾಗಲೆಲ್ಲ ಅವನ ಕೈ ಗಾಳಿಯಲ್ಲಿ ನಿಂತುಬಿಡುತ್ತಿತ್ತು. ಮುಖ ಮಾತ್ರ ಫೋಟೋದಷ್ಟು ಸ್ವಚ್ಛ.

"ಮುಖ ಮಸುಕಾದ್ರೆ ಅಡ್ಡಿಲ್ಲ ತಮಾ. ಕೈ ಮಾತ್ರ ನಿಲ್ಲಬಾರ್ದು" ಎಂದರು.

ನನಗೆ ಅರ್ಥವಾಗಲೆಂದು ಮಾಡಿ ತೋರಿಸಿದರು. ನಾಳೆ ಬರುತ್ತೇನೆ ಎನ್ನುವುದಕ್ಕೂ ನಾಳೆ ಬರುವುದಿಲ್ಲ ಎನ್ನುವುದಕ್ಕೂ ಸನ್ನೆಯಲ್ಲಿ ವ್ಯತ್ಯಾಸ ಕೊನೆಯ ಒಂದು ಚಲನೆ. ಅದೊಂದು ಹಾರಿದರೆ ಮಾತು ತಲೆಕೆಳಗು. ನಾವು ಮಾತಾಡುವಾಗ ಸದ್ದು ಕಡಿದರೆ ಕಿವಿಗೆ ತಿಳಿಯುತ್ತದೆ, ಏನು ಎಂದು ಮತ್ತೆ ಕೇಳುತ್ತೇವೆ. ಚಿತ್ರ ನಿಂತರೆ ಹಾಗಲ್ಲ. ನಿಂತ ಕೈ ನೋಡುವವನಿಗೆ ಯೋಚನೆಗೆ ನಿಂತ ಕೈಯಂತೆಯೇ ಕಾಣುತ್ತದೆ. ಮಧ್ಯದಲ್ಲಿ ಏನೋ ಹೋಯಿತೆಂದು ಅವನಿಗೆ ಗೊತ್ತೇ ಆಗುವುದಿಲ್ಲ.

ನಾನು ಓದಿ ಹುಡುಕಿದೆ. ಸಂಪರ್ಕ ದುರ್ಬಲವಾದಾಗ ಬ್ರೌಸರು ಎರಡರಲ್ಲಿ ಒಂದನ್ನು ಬಿಟ್ಟುಕೊಡಬೇಕು: ಚಿತ್ರದ ಸ್ಪಷ್ಟತೆಯನ್ನು, ಇಲ್ಲವೆ ಚಲನೆಯನ್ನು. ಯಾವುದನ್ನು ಉಳಿಸಬೇಕೆಂದು ಹೇಳುವುದು ಪ್ರೋಗ್ರಾಮಿನ ಒಂದೇ ಒಂದು ಸಾಲು. ನಾನು ಆ ಸಾಲನ್ನು ಅಕ್ಕೋರು ಹೇಳಿದಂತೆ ಬರೆದೆ. ಮುಂದಿನ ಸಲ ಟೇಲರನ ಮುಖ ಮಂಜಿನಲ್ಲಿ ನಿಂತವನ ಮುಖದಂತೆ ಕಂಡಿತು. ಕೈ ಮಾತ್ರ ಒಮ್ಮೆಯೂ ನಿಲ್ಲಲಿಲ್ಲ. ಅವನು ಏನೋ ಹೇಳಿದ, ಅಕ್ಕೋರು ನಕ್ಕರು. ಏನೆಂದ ಎಂದು ಕೇಳಿದೆ. ನಿಮಗೆ ವಯಸ್ಸಾದದ್ದು ಇದರಲ್ಲಿ ಕಾಣುವುದಿಲ್ಲ ಅಂದನಂತೆ...

ಆ ಮೇಲಿನ ಮೂರು ವರ್ಷ ನನ್ನ ಬದುಕಿನ ಒಳ್ಳೆಯ ಕಾಲ. ಅಕ್ಕೋರು ಬೆಳಿಗ್ಗೆ ಹತ್ತಕ್ಕೆ ಬರುತ್ತಿದ್ದರು. ಹಿಂದಿನ ಗೋಡೆಗೆ ಆ ಕಡುನೀಲಿ ಬಟ್ಟೆಯನ್ನು ಅವರೇ ಹೊಲಿದು ತಂದು ತೂಗುಹಾಕಿದರು, ಕೈ ಎದ್ದು ಕಾಣಲೆಂದು. ಕರೆ ಬಂದ ಕೂಡಲೇ ಗಾಜಿನ ಬಳೆ ತೆಗೆದು ಪಕ್ಕಕ್ಕಿಟ್ಟು ಕೂರುತ್ತಿದ್ದರು. ಕೊನೆಯಲ್ಲಿ ಯಾವಾಗಲೂ ಒಂದು ಕ್ರಮ: ಈಗ ನಾನು ಹೇಳಿದ್ದನ್ನು ನೀನು ತಿರುಗಿ ನನಗೆ ಹೇಳು. ಹೇಳಿದ ಮೇಲೆಯೇ ಕರೆ ಮುಗಿಸುವುದು. ಬಸ್ಸಿನಲ್ಲಿ ಓಡಾಡುವುದನ್ನು ನಾನೇ ಹಟ ಹಿಡಿದು ಬಿಡಿಸಿದೆ. ಅವರಿಗೆ ಪೂರ್ತಿ ಮನಸ್ಸಿರಲಿಲ್ಲ. ದೊಡ್ಡ ವಿಷಯಕ್ಕಾದರೂ ಎದುರಿಗೆ ಕೂರಬೇಕು, ಎದುರಿಗೆ ಕೂತರೆ ಕಣ್ಣು ಕಾಣುತ್ತದೆ ಎನ್ನುತ್ತಿದ್ದರು. ಇದರಲ್ಲೂ ಕಾಣುತ್ತದಲ್ಲ ಎಂದು ನಾನು ವಾದಿಸುತ್ತಿದ್ದೆ. ಕೊನೆಗೆ ಒಪ್ಪಿದರು.

ನಾನು ಅದನ್ನು ಕಂಪನಿಯೆಂದು ನೋಂದಾಯಿಸಿದೆ. ನೀವೂ ಪಾಲುದಾರರಾಗಿ ಎಂದರೆ ಅಕ್ಕೋರು ಕೈ ಅಲ್ಲಾಡಿಸಿಬಿಟ್ಟರು. ಆದರೆ ಸನ್ನೆಯ ಕರೆಯನ್ನು ನಂಬಿಕೊಂಡು ಕಂಪನಿ ನಡೆಯಲಾರದು ಎಂಬುದು ನನಗೆ ಬೇಗ ತಿಳಿಯಿತು. ಯಾವ ದವಾಖಾನೆಯೂ ಯಾವ ಬ್ಯಾಂಕೂ ಅದನ್ನು ಬೇಕೆಂದು ಕೊಳ್ಳಲಿಲ್ಲ. ಒಳ್ಳೆಯ ಕೆಲಸ ಎಂದು ಬೆನ್ನು ತಟ್ಟಿ ಚಹಾ ಕೊಟ್ಟು ಕಳಿಸುತ್ತಿದ್ದರು. ಅಷ್ಟರಲ್ಲಿ ಹುಬ್ಬಳ್ಳಿಯ ಒಬ್ಬ ಉದ್ಯಮಿ ನನ್ನನ್ನು ಹುಡುಕಿಕೊಂಡು ಬಂದ. ಡಾಕ್ಟರುಗಳು ಕೂತಲ್ಲಿಂದಲೇ ರೋಗಿಗಳನ್ನು ನೋಡುವ ವ್ಯವಸ್ಥೆ ಕಟ್ಟುತ್ತಿದ್ದ. ಆ್ಯಪ್ ಬೇಡದ, ಲಿಂಕ್ ಒತ್ತಿದರೆ ತೆರೆಯುವ ಕರೆ ಅವನಿಗೂ ಬೇಕಿತ್ತು. ನನ್ನದನ್ನು ನೋಡಿ ಮೆಚ್ಚಿದ. ಒಂದೇ ಒಂದು ತಕರಾರು.

"ಮಾರಿ ಸ್ವಚ್ಛ ಕಾಣ್ಬೇಕ್ರಿ. ಡಾಕ್ಟರ ಮಾರಿ ಮಸುಕಾತಂದ್ರ ಪೇಷಂಟ್ ನಂಬೂದಿಲ್ಲ. ಕೈ ಯಾರ್ ನೋಡ್ತಾರ್ರಿ?"

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಡಾಕ್ಟರು ರೋಗಿ ಮಾತಾಡುವಾಗ ಯಾರೂ ಕೈ ನೋಡುವುದಿಲ್ಲ. ಅವನ ಜನ ಪರೀಕ್ಷಿಸಿ ನೋಡುವುದಕ್ಕೆಂದು ನಾನು ಪ್ರೋಗ್ರಾಮಿನ ಆ ಒಂದು ಸಾಲನ್ನು, ಚಲನೆಯ ಬದಲು ಮುಖದ ಸ್ಪಷ್ಟತೆ ಉಳಿಯುವಂತೆ, ಬದಲಿಸಿದೆ. ಡಾಕ್ಟರುಗಳ ಕರೆಗೆ ಒಂದು ಬಗೆ, ಅಕ್ಕೋರ ಕರೆಗೆ ಇನ್ನೊಂದು ಬಗೆ ಎಂದು ಬೇರ್ಪಡಿಸಬೇಕಿತ್ತು. ಅರ್ಧ ದಿನದ ಕೆಲಸ. ನಾಳೆ ಮಾಡಿದರಾಯಿತು ಎಂದುಕೊಂಡೆ. ನಾಳೆ ಬಂದಾಗ ಹುಬ್ಬಳ್ಳಿಯವರು ಇನ್ನೊಂದು ಬದಲಾವಣೆ ಕೇಳಿದ್ದರು, ಅದರ ಮರುದಿನ ಮತ್ತೊಂದು. ಅಕ್ಕೋರಿಗೆ ಹೇಳಲೂ ಇಲ್ಲ. ಹೇಳಿದ್ದರೆ ಅವರು ಅಷ್ಟು ದಿನ ಕರೆ ತೆಗೆದುಕೊಳ್ಳದೆ ಬಸ್ಸು ಹತ್ತುತ್ತಿದ್ದರು. ಅವರಾಗಿಯೇ ಗುರುತಿಸಲು ಸಾಧ್ಯವಿರಲಿಲ್ಲ, ಏಕೆಂದರೆ ಅಂಗಡಿಯಲ್ಲಿ ಕೇಬಲ್ಲಿನ ಇಂಟರ್ನೆಟ್ ಇತ್ತು. ಆಚೆಯವರ ಚಿತ್ರ ಎಷ್ಟೋ ಸಲ ಇವರಿಗೆ ನೆಟ್ಟಗೆ ಬರುತ್ತಿತ್ತು. ಇವರ ಚಿತ್ರ ಆಚೆಯವರಿಗೆ ಹೇಗೆ ಮುಟ್ಟುತ್ತಿದೆ ಎಂಬುದು ಇವರಿಗೆ ಕಾಣುವಂಥದ್ದಲ್ಲ.

ಆ ದಿನಗಳಲ್ಲೇ, ಶಿರಸಿಯಿಂದ ಯಲ್ಲಾಪುರಕ್ಕೆ ಹೋಗುವ ದಾರಿಯಲ್ಲಿರುವ ಉಮ್ಮಚಗಿಯವರ ಒಂದು ಕರೆ ಬಂತು. ಅಣ್ಣ ತಮ್ಮ ಇಬ್ಬರು. ತಮ್ಮನಿಗೆ ಕಿವಿ ಕೇಳುವುದಿಲ್ಲ, ಅಕ್ಕೋರ ಶಾಲೆಯಲ್ಲೇ ಕಲಿತವನು, ಆದರೂ ಓದು ಅಷ್ಟಕ್ಕಷ್ಟೇ, ಮೂವತ್ತು ದಾಟಿದ ಗಟ್ಟಿ ಆಳು. ಮನೆಯ ಭೂಮಿಯಲ್ಲಿ ತನ್ನ ಪಾಲಿನ ಹಕ್ಕನ್ನು ಅವನು ಅಣ್ಣನಿಗೆ ಬಿಟ್ಟುಕೊಡುತ್ತಾನೆಂಬ ಪತ್ರ ತಯಾರಾಗಿತ್ತು. ಯಲ್ಲಾಪುರದಲ್ಲಿ ಪತ್ರ ಬರೆಯುವವರ ಮೇಜಿನ ಎದುರು ಇಬ್ಬರೂ ಕೂತಿದ್ದರು. ಪತ್ರದ ಸಾರ ಇವನಿಗೆ ತಿಳಿಯಬೇಕಲ್ಲ, ಅಕ್ಕೋರು ಹೇಳಲಿ ಎಂದು ಬರೆಯುವವನು ಅಂದನಂತೆ. ಅಣ್ಣನ ಫೋನಿನಲ್ಲಿ ಲಿಂಕ್ ತೆರೆಯಿತು. ನಾನು ಹೊರಗಿನ ಕೋಣೆಯಲ್ಲಿ ಹುಬ್ಬಳ್ಳಿಯವರಿಗೆ ಮೇಲ್ ಬರೆಯುತ್ತಿದ್ದೆ.

ಅಕ್ಕೋರು ಅವತ್ತು ಮೂರು ಮಾತು ಹೇಳಿದರು. ಇದು ನಿನ್ನ ಪಾಲಿನ ಪತ್ರ. ಹೆಬ್ಬೆಟ್ಟು ಒತ್ತಿದರೆ ಅದು ಅಣ್ಣನದಾಗುತ್ತದೆ, ನಿನಗೆ ತಿರುಗಿ ಸಿಗುವುದಿಲ್ಲ. ನಿನಗೆ ಒಪ್ಪಿಗೆಯೇ? ಇವರ ಕೈ ಎಲ್ಲವನ್ನೂ ಹೇಳಿತು. ಆದರೆ ಯಲ್ಲಾಪುರದ ಆ ಫೋನಿನಲ್ಲಿ ಮೊದಲ ಮಾತಿನ ಕೊನೆಗೆ ಕೈ ನಿಂತಿತು. ನಡುವಿನ ಮಾತು ಪೂರ್ತಿ ಕಾಣಿಸಲಿಲ್ಲ. ಚಿತ್ರ ಮತ್ತೆ ಹರಿದಾಗ ಅವನು ಕಂಡದ್ದು ಕೊನೆಯ ಪ್ರಶ್ನೆ. ಇದು ನಿನ್ನ ಪಾಲಿನ ಪತ್ರ, ಒಪ್ಪಿಗೆಯೇ? ಅವನು ಸಂತೋಷದಿಂದ ತಲೆಯಾಡಿಸಿದ. ತನ್ನ ಪಾಲು ತನ್ನ ಹೆಸರಿಗೆ ಆಗುತ್ತಿದೆ ಎಂದುಕೊಂಡ.

ತಿರುಗಿ ಹೇಳು ಎಂದು ಅಕ್ಕೋರು ಕೈ ಎತ್ತುವಷ್ಟರಲ್ಲಿ ಅಣ್ಣ ಫೋನನ್ನು ತನ್ನ ಕಡೆ ತಿರುಗಿಸಿಕೊಂಡು, "ಆಯ್ತು ಅಕ್ಕೋರೆ, ಅವ ಹೂಂ ಅಂದ" ಎಂದು ಕರೆ ಮುಗಿಸಿದ. ಇನ್ನೊಂದು ಕರೆ ಕಾಯುತ್ತಿತ್ತು. ಶಿರಸಿಯಲ್ಲಿ ಹೆರಿಗೆಗೆ ಸೇರಿದ ಹುಡುಗಿಯೊಬ್ಬಳದು. ಅಕ್ಕೋರು ಅದನ್ನು ತೆಗೆದುಕೊಂಡರು. ಅಣ್ಣನಿಗೆ ತಮ್ಮನ ತಪ್ಪು ತಿಳುವಳಿಕೆ ಗೊತ್ತಿತ್ತೋ ಇಲ್ಲವೋ ನಾನು ಹೇಳಲಾರೆ. ಪತ್ರದ ಕೊನೆಯಲ್ಲಿ ಅಕ್ಕೋರ ಹೆಸರು ಬರೆದು, ಇವರ ಮೂಲಕ ಸನ್ನೆಯಲ್ಲಿ ಸಾರಾಂಶ ತಿಳಿಸಲಾಗಿದೆ ಎಂದು ಸೇರಿಸಿದ್ದರು.

ಕೆಲವು ತಿಂಗಳ ಮೇಲೆ ತಮ್ಮ ತನ್ನದೆಂದುಕೊಂಡ ಗದ್ದೆಗೆ ಇಳಿದಾಗ ಅಣ್ಣ ತಡೆದು ಪತ್ರ ತೋರಿಸಿದ. ಅವನು ಪತ್ರದ ನಕಲು ಹಿಡಿದು ಬಸ್ಸು ಹತ್ತಿ ನೇರ ನನ್ನ ಅಂಗಡಿಗೆ ಬಂದ. ಹಿಂದಿನ ಕೋಣೆಯಲ್ಲಿ ಅಕ್ಕೋರ ಎದುರು ನಿಂತು ಕೇಳತೊಡಗಿದ. ಸನ್ನೆಗೂ ಸದ್ದಿರುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತು. ಅಂಗೈ ಅಂಗೈಗೆ, ಮುಷ್ಟಿ ಎದೆಗೆ ಬಡಿಯುವ ಸದ್ದು ಹೊರಗಿನ ಕೋಣೆಯವರೆಗೂ ಬರುತ್ತಿತ್ತು. ಜೆರಾಕ್ಸಿಗೆ ಬಂದವರೆಲ್ಲ ಬಾಗಿಲಲ್ಲಿ ಇಣುಕಿ ನೋಡಿದರು. ಅಕ್ಕೋರು ಒಂದೇ ಸನ್ನೆಯನ್ನು ಮತ್ತೆ ಮತ್ತೆ ಮಾಡುತ್ತಿದ್ದರು: ನಾನು ಹೇಳಿದ್ದೆ, ನಾನು ಹೇಳಿದ್ದೆ.

ಅವನು ಹೋದ ಮೇಲೆ ಅಕ್ಕೋರು ನನ್ನನ್ನು ಕರೆದರು. ನನ್ನ ಹತ್ತಿರ ಅವರು ಎಲ್ಲರಾಡುವ ಕನ್ನಡವನ್ನೇ ಆಡುತ್ತಿದ್ದರು. ಅವತ್ತು ಮನೆಮಾತಾದ ಹವ್ಯಕ ಕನ್ನಡ ಹೊರಬಂತು.

"ಆನು ಹೇಳಿದ್ದು ಅವಂಗೆ ಮುಟ್ಟಿದ್ದಿಲ್ಲೆ ತಮಾ. ಅವತ್ತು ಎಂತಾರೂ ಬದ್ಲು ಮಾಡಿದ್ಯ?"

ನೋಡಿ ಹೇಳುತ್ತೇನೆ ಎಂದು ಹೊರಗೆ ಬಂದೆ. ಪ್ರತಿ ಕರೆಯಲ್ಲೂ ಸೆಕೆಂಡಿಗೆ ಎಷ್ಟು ಚಿತ್ರ ಆಚೆ ಕಡೆ ಮುಟ್ಟಿತು ಎಂಬುದನ್ನು ಬ್ರೌಸರು ಲೆಕ್ಕವಿಡುತ್ತದೆ. ನಾನು ಅದನ್ನೆಲ್ಲ ಉಳಿಸಿಕೊಳ್ಳುತ್ತಿದ್ದೆ. ಆ ದಿನದ ಕಡತ ತೆರೆದೆ. ಚಿತ್ರದ ಲೆಕ್ಕ ತೋರಿಸುವ ಗೀಟು ಏರುತ್ತ ಇಳಿಯುತ್ತ ಬಂದು ಒಂದು ಕಡೆ ನೆಲಕ್ಕೆ ಬಿದ್ದಿತ್ತು. ಹನ್ನೊಂದು ಸೆಕೆಂಡು ಹಾಗೇ ಮಲಗಿ, ಮತ್ತೆ ಎದ್ದಿತ್ತು. ಸದ್ದಿನ ಗೀಟು ಮಾತ್ರ ಎಲ್ಲಿಯೂ ಕಡಿದಿರಲಿಲ್ಲ. ನಾನು ಅದನ್ನು ಎರಡು ಸಲ ನೋಡಿದೆ. ಹುಬ್ಬಳ್ಳಿಯವರು ಗುರುವಾರ ಕಂಪನಿಯನ್ನು ಕೊಳ್ಳುವ ಕಾಗದಪತ್ರ ತಗೊಂಡು ಬರುವವರಿದ್ದರು. ನಿಮ್ಮ ವ್ಯವಸ್ಥೆಯ ಮೇಲೆ ಯಾರದಾದರೂ ದೂರು, ತಕರಾರು ಇದೆಯೇ ಎಂದು ಮುಂಚೆಯೇ ಬರೆದು ಕೇಳಿದ್ದರು. ಇಲ್ಲ ಎಂದು ನಾನು ಉತ್ತರಿಸಿದ್ದೆ.

ಒಳಗೆ ಹೋಗಿ, ಎಲ್ಲ ಸರಿಯಾಗಿಯೇ ಇತ್ತು ಅಕ್ಕೋರೆ, ಏನೂ ಬದಲು ಮಾಡಿರಲಿಲ್ಲ ಎಂದೆ.

ಅವರು ನನ್ನ ಮುಖವನ್ನು ನೋಡಿದರು. ಮುಖ ಓದುವುದೇ ಅವರ ಕಸುಬು. ಆದರೂ ನಂಬಿದರು... ಅಥವಾ ನಂಬಲು ತೀರ್ಮಾನಿಸಿದರು. "ಹಂಗಾರೆ ತಪ್ಪು ಎನ್ನದೇ" ಎಂದು ತಪ್ಪನ್ನು ತಮ್ಮ ಮೇಲೆಯೇ ಹಾಕಿಕೊಂಡು, ಬಳೆಗಳನ್ನು ಒಂದೊಂದಾಗಿ ಕೈಗೆ ಏರಿಸಿಕೊಂಡರು.

ವಿಷಯ ವಕೀಲರವರೆಗೆ ಹೋಯಿತು. ತಮ್ಮನ ಕಡೆಯ ನೆಂಟನೊಬ್ಬ ಪತ್ರ ರದ್ದು ಮಾಡಿಸಬೇಕೆಂದು ಓಡಾಡಿದ. ಅಕ್ಕೋರು ತಾವೇ ಮುಂದೆ ಬಂದು, ನಾನು ಅವನಿಂದ ತಿರುಗಿ ಹೇಳಿಸಲಿಲ್ಲ, ಅವನಿಗೆ ತಿಳಿದಿರಲಿಲ್ಲ ಎಂದು ಬರೆದುಕೊಡಲು ಸಿದ್ಧರಾದರು. ಆಗ ಅಣ್ಣನ ವಕೀಲರು ನನ್ನಿಂದ ಒಂದು ಪತ್ರ ಕೇಳಿದರು. ಕಂಪನಿಯ ಹಾಳೆಯ ಮೇಲೆ ನಾನು ಎರಡು ಸಾಲು ಬರೆದು ಸಹಿ ಹಾಕಿ ಕೊಟ್ಟೆ. ಸದರಿ ದಿನದ ಕರೆ ಆರಂಭದಿಂದ ಕೊನೆಯವರೆಗೆ ನಡೆದಿರುತ್ತದೆ. ಕರೆ ಮಧ್ಯದಲ್ಲಿ ಕಡಿದಿರುವುದಿಲ್ಲ.

ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಬರೆಯುವಾಗ ಅದನ್ನೇ ಹೇಳಿಕೊಂಡು ಬರೆದೆ. ಕರೆ ನಡೆದಿತ್ತು, ಕಡಿದಿರಲಿಲ್ಲ. ನಿಂತಿದ್ದು ಕೈ ಮಾತ್ರ. ಅದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಎರಡು ಸಾಲಿನ ಎದುರು ಅಕ್ಕೋರ ಮಾತು ನಿಲ್ಲಲಿಲ್ಲ. ಕರೆ ಸರಿಯಾಗಿಯೇ ನಡೆದಿದ್ದರೆ, ಅವತ್ತು ತಿಳಿಸಿದ್ದೇನೆ ಎಂದವರು ಇವತ್ತು ತಿಳಿದಿರಲಿಲ್ಲ ಎನ್ನುವುದೇಕೆ ಎಂದು ಅಣ್ಣನ ವಕೀಲರು ಕೇಳಿದರಂತೆ. ನೆಂಟ ಕೈಚೆಲ್ಲಿದ. ಪತ್ರ ಹಾಗೇ ಉಳಿಯಿತು.

ಕಿವಿ ಕೇಳದವರ ನಡುವೆ ಸುದ್ದಿ ಹರಡಲು ಹೆಚ್ಚು ದಿನ ಬೇಕಾಗಲಿಲ್ಲ. ಒಬ್ಬರಿಗೊಬ್ಬರು ವಿಡಿಯೋ ಕಳಿಸಿಕೊಂಡರು. ಅಕ್ಕೋರು ಅಣ್ಣನ ಕಡೆ ಸೇರಿಕೊಂಡರು ಎಂದು ಒಬ್ಬ, ಈ ಯಂತ್ರ ಬಂದ ಮೇಲೆ ಅಕ್ಕೋರು ಮೊದಲಿನಂತಿಲ್ಲ ಎಂದು ಇನ್ನೊಬ್ಬ. ಅಮ್ಮನ ಬಗ್ಗೆ ಜನ ಆಡಿದ್ದನ್ನೂ ಬಿಡದೆ ಅಮ್ಮನಿಗೆ ಹೇಳಿದ ಹೆಂಗಸಿನ ಬಗ್ಗೆ, ಮಾತನ್ನು ಮುಚ್ಚಿಟ್ಟಳು ಎಂದು ಆಡಿಕೊಂಡರು. ಕರೆಗಳು ಕಡಿಮೆಯಾದವು. ಒಂದು ವಾರ ಒಂದೂ ಬರಲಿಲ್ಲ. ಶನಿವಾರ ಸಂಜೆ ಅಕ್ಕೋರು ನೀಲಿ ಬಟ್ಟೆಯನ್ನು ಇಳಿಸಿ ಮನೆಗೆ ಒಯ್ದು, ಒಗೆದು ಇಸ್ತ್ರಿ ಮಾಡಿ, ನಡುವೆ ನುಸಿಗುಳಿಗೆ ಇಟ್ಟು ಸೋಮವಾರ ತಂದುಕೊಟ್ಟರು. ಮುಂದೆ ಯಾರಾದರೂ ಬಂದು ಕೂತರೆ ಬೇಕಾಗುತ್ತದೆ ಎಂದರು. ನಾನು ತಗೊಂಡು ಕಪಾಟಿನಲ್ಲಿಟ್ಟೆ. ಹೋಗಬೇಡಿ ಎನ್ನಲಿಲ್ಲ. ಅವರು ಹೋದರೆ ಕಷ್ಟವಾಗುತ್ತದೆ ಎನ್ನುವುದಕ್ಕಿಂತ, ದಿನವೂ ಅವರ ಮುಖ ನೋಡುವುದು ತಪ್ಪುತ್ತದೆ ಎಂಬ ಸಮಾಧಾನವೇ ನನಗೆ ದೊಡ್ಡದಾಗಿತ್ತು.

ಹುಬ್ಬಳ್ಳಿಯವರು ಕಂಪನಿಯನ್ನು ತಮ್ಮದಕ್ಕೆ ಸೇರಿಸಿಕೊಂಡರು. ಶಿರಸಿಯಲ್ಲಿ ಆಫೀಸಾಯಿತು, ನಾನು ಅದರ ಮುಖ್ಯಸ್ಥನಾದೆ. ಸನ್ನೆಯ ಸೇವೆ ಸದ್ಯಕ್ಕೆ ಲಭ್ಯವಿಲ್ಲ ಎಂದು ಒಂದು ಸಾಲು ಹಾಕಿ ಮುಚ್ಚಿದೆವು. ಸಣ್ಣ ಊರಿನಲ್ಲಿ ಕೂತು ದೊಡ್ಡ ಕೆಲಸ ಮಾಡಿದವನೆಂದು ಒಂದೆರಡು ಕಡೆ ನನಗೆ ಶಾಲು ಹೊದೆಸಿದರು. ಹೇಗೆ ಹೊಳೆಯಿತು ಎಂದು ಕೇಳಿದವರಿಗೆಲ್ಲ ನಾನು ಅಕ್ಕೋರ ಕತೆಯನ್ನೇ ಹೇಳಿದೆ. ಕೆಟ್ಟು ನಿಂತ ಬಸ್ಸು, ಹೊಟ್ಟೆನೋವಿನ ಹೆಂಗಸು, ಗೋಡೆಯ ಕಡೆ ತಿರುಗಿದ ಮುಖ. ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ಕತೆ ಎಲ್ಲಿ ನಿಲ್ಲಿಸಬೇಕೆಂದು ನನಗೆ ಚೆನ್ನಾಗಿ ಅಭ್ಯಾಸವಾಗಿತ್ತು.

ಅವರನ್ನು ಕೊನೆಯ ಸಲ ಕಂಡದ್ದು ಸಿದ್ದಾಪುರ ಬಸ್‌ಸ್ಟ್ಯಾಂಡಿನಲ್ಲಿ. ಶಿರಸಿಯ ಬಸ್ಸಿಗೆ ಕಾಯುತ್ತಿದ್ದರು. ಕಾರಿನಲ್ಲಿ ಬಿಡುತ್ತೇನೆ ಬನ್ನಿ ಎಂದೆ, ಶಿರಸಿಯಲ್ಲಿ ಇಳಿದು ಯಲ್ಲಾಪುರದ ಬಸ್ಸು ಹಿಡಿಯಬೇಕು, ಬಸ್ಸೇ ಅಭ್ಯಾಸ ಎಂದರು. ನನ್ನ ಅವ್ವನ ಮೊಣಕಾಲು ನೋವು ಹೇಗಿದೆ ಎಂದು ಕೇಳಿದರು. ಉಳಿದದ್ದು ಒಂದನ್ನೂ ಕೇಳಲಿಲ್ಲ. ಯಲ್ಲಾಪುರದಲ್ಲಿ ಯಾರೋ ನೆಂಟರಿರಬೇಕು ಎಂದುಕೊಂಡು ನಾನು ಹೊರಟುಬಂದೆ. ಒಂದು ವರ್ಷದ ಮೇಲೆ ಎದೆನೋವು ಬಂದು ತೀರಿಕೊಂಡರು. ನನಗೆ ತಿಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹನ್ನೆರಡನೆಯ ದಿನ ಅಕ್ಕೋರ ಸ್ವಂತ ತಮ್ಮನ ಮನೆಗೆ ಹೋದೆ. ಅಂಗಳದ ಚಪ್ಪರದಡಿಯಲ್ಲಿ ಅವರ ಹಳೆಯ ವಿದ್ಯಾರ್ಥಿಗಳು ಹದಿನೈದಿಪ್ಪತ್ತು ಜನ ದುಂಡಗೆ ಕೂತು ಕೈಯಲ್ಲಿ ಮಾತಾಡುತ್ತಿದ್ದರು. ಆಡಿಕೊಂಡವರೂ ಬಂದಿದ್ದರು. ಟೇಲರ್ ನನ್ನನ್ನು ನೋಡಿದ. ಅವನ ಕೈ ಮಡಿಲಿಗಿಳಿಯಿತು, ಪಕ್ಕದವನದೂ ಇಳಿಯಿತು. ನಾನು 'ಬಂದಿದ್ದೇನೆ' ಎನ್ನುವಷ್ಟು ಹೊತ್ತು ನಿಂತು, ಊಟಕ್ಕೆ ಕೂರದೆ ಹಿಂದಿರುಗಿದೆ.

ಆ ಬಟ್ಟೆ ಸಿಕ್ಕಿದ ಮೇಲೆ ಒಂದು ವಾರ ನನಗೆ ಕೆಲಸ ಹತ್ತಲಿಲ್ಲ. ಹಳೆಯ ಕಡತ ಹುಡುಕಿದೆ. ಅಳಿಸಿರಲಿಲ್ಲ. ಏಕೆ ಅಳಿಸಲಿಲ್ಲವೋ ನನಗೂ ಗೊತ್ತಿಲ್ಲ. ಗೀಟಿನ ಆ ಭಾಗವನ್ನು ಪ್ರಿಂಟು ತೆಗೆದುಕೊಂಡು ಭಾನುವಾರ ಉಮ್ಮಚಗಿಗೆ ಹೋದೆ. ಆ ಕಿವಿ ಕೇಳದ ತಮ್ಮ ಅಣ್ಣನ ಕಣದಲ್ಲಿ ಅಡಿಕೆ ಹರವುತ್ತಿದ್ದ. ಕೂಲಿಗೆ. ನನ್ನ ಗುರುತು ಹಿಡಿದು ಕೈ ಒರೆಸಿಕೊಂಡು ಹತ್ತಿರ ಬಂದ. ಮೂರು ವರ್ಷ ಅಕ್ಕೋರ ಪಕ್ಕದ ಕೋಣೆಯಲ್ಲಿದ್ದು ನಾನು ಕಲಿತದ್ದು ಅಷ್ಟಿಷ್ಟೇ ಸನ್ನೆ. ಅಷ್ಟರಲ್ಲೇ ಹೇಳಿದೆ. ಚಿತ್ರ ನಿಂತಿತ್ತು. ನಿಲ್ಲಿಸಿದ್ದು ನಾನು. ಅಕ್ಕೋರು ತಪ್ಪು ಮಾಡಿಲ್ಲ. ಕಾಗದ ಬಿಡಿಸಿ, ಗೀಟು ನೆಲಕ್ಕೆ ಬಿದ್ದ ಜಾಗದ ಮೇಲೆ ಬೆರಳಿಟ್ಟೆ.

ಅವನು ಕಾಗದವನ್ನು ನೋಡಿದ. ಆಮೇಲೆ ನಿಧಾನವಾಗಿ, ನನಗೆ ಅರ್ಥವಾಗಲೆಂದು ಒಂದೊಂದೇ ಸನ್ನೆ ಬಿಡಿಸಿ ಹೇಳಿದ. ಅಕ್ಕೋರು ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬರುತ್ತಿದ್ದರು. ಅಗೋ, ಆ ಕಟ್ಟೆಯ ಮೇಲೆ ಕೂರುತ್ತಿದ್ದರು. ಪ್ರತಿ ಸಲವೂ ಅದೇ ಮಾತು: ತಪ್ಪು ನನ್ನದು, ನಿನ್ನಿಂದ ತಿರುಗಿ ಹೇಳಿಸಬೇಕಿತ್ತು, ಹೇಳಿಸಲಿಲ್ಲ. ಬೇಡ, ಸಾಕು ಎಂದು ಅವನೆಂದರೂ ಕೇಳುತ್ತಿರಲಿಲ್ಲ. ಯಂತ್ರವನ್ನು ಬೈಯಬೇಡ, ಅದು ಸರಿಯಿತ್ತು, ಅದನ್ನು ಮಾಡಿದವನು ಒಳ್ಳೆಯ ಹುಡುಗ, ನಾಳೆ ಬೇರೆಯವರಿಗೆ ಅದು ಬೇಕಾಗುತ್ತದೆ ಎನ್ನುತ್ತಿದ್ದರು. ತೀರಿಕೊಳ್ಳುವ ಹಿಂದಿನ ತಿಂಗಳೂ ಬಂದಿದ್ದರು.

ಅವನು ಕಾಗದವನ್ನು ಮಡಚಿ ನನ್ನ ಕೈಗೆ ಕೊಟ್ಟ. ಭೂಮಿಯ ವಿಷಯ ಎತ್ತುತ್ತಾನೆಂದು ಕಾದೆ. ವಕೀಲರ ಹತ್ತಿರ ಹೋಗೋಣ, ನಾನು ಬಂದು ಹೇಳುತ್ತೇನೆ ಎನ್ನಲು ಬೇಕಾದ ಸನ್ನೆಗಳನ್ನು ದಾರಿಯುದ್ದಕ್ಕೂ ನೆನಪು ಮಾಡಿಕೊಂಡು ಬಂದಿದ್ದೆ. ಅವನು ಅದನ್ನು ಕೇಳಲಿಲ್ಲ. ಕಟ್ಟೆಯ ಕಡೆ ಒಮ್ಮೆ ನೋಡಿ, ನನ್ನ ಕಡೆ ತಿರುಗಿ, ಮೂರೇ ಸನ್ನೆಯಲ್ಲಿ ಕೇಳಿದ: ಅಕ್ಕೋರಿಗೆ ನೀನು ಹೇಳಿದ್ದೆಯಾ?

ಇಲ್ಲ ಎನ್ನುವುದಕ್ಕೆ ಕೈಯನ್ನು ಒಮ್ಮೆ ಆಡಿಸಿದರೆ ಸಾಕು. ಆಡಿಸಿದೆ.

ಅವನು ಕಣ್ಣು ಮುಚ್ಚಿಕೊಂಡ. ಕೇಳಿದ್ದು ಸಾಕು ಎನ್ನಲು ಅವನಿಗೆ ಇರುವುದು ಅದೊಂದೇ ದಾರಿ. ನನ್ನ ಕೈ ಎತ್ತಿದ್ದಲ್ಲೇ ಇತ್ತು. ಹೇಳುವುದಿನ್ನೂ ಇತ್ತು... ನೋಡುವವರು ಯಾರೂ ಇರಲಿಲ್ಲ.